ಹೆಂಚಿನ ಬಿಲ್ಲೆ

ಎಪ್ಪತ್ತರ ದಶಕದ ಮಾತು. ವಿಜಾಪುರದ ಸೊಲ್ಲಾಪುರ ರಸ್ತೆಯ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ನನ್ನವ್ವ ಹತ್ತಿಯ ಕಸ ಆರಿಸುತ್ತಿದ್ದಳು. ಅಪ್ಪ ತೀರಿಹೋಗಿದ್ದ, ಅವಳ ಕೂಲಿಯಿಂದಲೇ ಒಲೆ ಉರಿಯಬೇಕು. ಜಿನ್ನಿನಲ್ಲಿ ಆಗಲೇ ಅರ್ಧ ಯಂತ್ರಗಳು ನಿಂತಿದ್ದವು. ಬೆಳಿಗ್ಗೆ ಬಾಗಿಲಲ್ಲಿ ಕೂಲಿಗಳ ಮೇಸ್ತ್ರಿ ಮುಕಾದಮ ಯಾರಿಗೆ ಹಿತ್ತಾಳೆ ಬಿಲ್ಲೆ ಕೊಡುವನೋ ಅವರಿಗೆ ಅಂದು ಕೆಲಸ. ಸಿಗದವರು ಮನೆಗೆ.

ನಾವು ಹುಡುಗಿಯರು ಅದನ್ನೇ ಆಡುತ್ತಿದ್ದೆವು. ಹೆಂಚಿನ ಚೂರೇ ಬಿಲ್ಲೆ. ಮುಕಾದಮನ ಮಗಳು ಮುಕಾದಮ, ಉಳಿದವರು ತಂತಮ್ಮ ಅವ್ವಂದಿರು. ಹತ್ತಿ ಆರಿಸಬೇಕು, ಜಗಳಾಡಬೇಕು, ರೊಟ್ಟಿ ಗಂಟು ಬಿಚ್ಚಬೇಕು. ಬಿಲ್ಲೆ ಎಲ್ಲರಿಗೂ ಸಿಗುತ್ತಿತ್ತು, ಆಟವಲ್ಲವೇ.

ಒಂದು ದಿನ ಮುಕಾದಮನ ಮಗಳು ಮೂವರಿಗೆ ಕೊಡಲಿಲ್ಲ. ಅದರಲ್ಲಿ ನಾನೊಬ್ಬಳು.

"ನಿನಗ ಬಿಲ್ಲೆ ಇಲ್ಲ, ನಡಿಬೇ ಮನಿಗೆ," ಎಂದಳು. ಥೇಟ್ ಅವಳಪ್ಪನ ದನಿ.

"ಜಿನ್ನು ನಿಮ್ಮಪ್ಪಂದೇನು?" ಎಂದು ಕಪಾಳಕ್ಕೆ ಬಾರಿಸಿದೆ.

ಸುದ್ದಿ ತಿಳಿದ ಅವ್ವ ನನಗೆರಡು ಬಿಟ್ಟಳು. ಮುಕಾದಮ ಸಿಟ್ಟಾದರೆ ಕೆಲಸ ಹೋದೀತೆಂದು ಅವಳ ಭಯ. ಸಂಜೆ ಒಂದು ಬಟ್ಟಲು ಶೇಂಗಾ ಚಟ್ನಿ ಹಿಡಿದು, ನನ್ನನ್ನು ಎಳೆದುಕೊಂಡು ಅವನ ಮನೆಗೆ ಹೋದಳು.

"ತಪ್ಪಾತ್ರಿ ಯಣ್ಣಾ. ಆಟದಾಗ ಬಿಲ್ಲೆ ಕೊಡಲಿಲ್ಲಂತ ನಿಮ್ಮ ಮಗಳಿಗೆ ಹೊಡದೈತಿ ಇದು. ಹೊಟ್ಟ್ಯಾಗ ಹಾಕ್ಕೋರಿ."

ಮುಕಾದಮ ಕುಡಿಯುತ್ತಿದ್ದ ಚಹಾ ಕೆಳಗಿಟ್ಟ. ಮಗಳತ್ತ ತಿರುಗಿ, "ಯಾರ್ಯಾರಿಗೆ ಕೊಡಲಿಲ್ಲ ನೀ?" ಎಂದ.

ಅವಳು ಮೂವರ ಹೆಸರನ್ನೂ ಹೇಳಿದಳು. "ನೀನ ನಿನ್ನೆ ಅವ್ವನ ಮುಂದ ಹೇಳಾಕತ್ತಿದ್ದೆಲ್ಲಪ್ಪಾ, ಇವರ ಅವ್ವಂದಿರಿಗೆ ಇನ್ನ ಬಿಲ್ಲೆ ಇಲ್ಲಂತ!"

ನಾನು ಹೊಡೆಯುವ ಮೊದಲೇ ಅವ್ವನ ಕೆಲಸ ಹೋಗಿತ್ತು. ಅವ್ವ ಬಟ್ಟಲು ಹಿಡಿದಂತೆಯೇ, "ಖರೇ ಏನ್ರಿ?" ಎಂದಳು.

"ಮಾಲಕರ ಮಾತು ತಂಗೀ. ನಾಳೆ ಬಾಗಿಲದಾಗ ಹೇಳಾಂವಿದ್ದೆ."

ಅವ್ವ ಬಟ್ಟಲನ್ನು ಅಲ್ಲಿಡಲಿಲ್ಲ. ಬರುವಾಗ ಉಳಿದಿಬ್ಬರ ಮನೆಗೂ ಹೋಗಿ ಹೇಳಿದಳು. ಒಬ್ಬಾಕೆ ಎದ್ದು ಹಿಟ್ಟಿನ ಡಬ್ಬಿ ತೆರೆದು ನೋಡಿದಳು. ಇನ್ನೊಬ್ಬಾಕೆ ನಕ್ಕಳು: "ಹುಡುಗ್ರ ಆಟ ನಂಬತೀಯೇನಬೇ? ತಲಿ ಕೆಟ್ಟೈತಿ ನಿಂದು!"

ನಕ್ಕವಳು ಮರುದಿನ ಬೆಳಿಗ್ಗೆ ಬಿಲ್ಲೆಯ ಸಾಲಿನಲ್ಲಿ ನಿಂತಳಂತೆ. ಬಾಗಿಲು ಹಾಕಿದ ಮೇಲೂ ಚಾಚಿದ ಕೈ ಕೆಳಗಿಳಿಸಲಿಲ್ಲವಂತೆ.

ನಾವದನ್ನು ನೋಡಲಿಲ್ಲ. ಅಷ್ಟೊತ್ತಿಗೆ ಅವ್ವ ನನ್ನನ್ನೂ ಕರೆದುಕೊಂಡು ಜೋಳ ಕೀಳುವ ಕೂಲಿಗೆಂದು ಇಟ್ಟಂಗಿಹಾಳದ ದಾರಿ ಹಿಡಿದಿದ್ದಳು. ಮಧ್ಯಾಹ್ನ ಬದುವಿನ ಮೇಲೆ ಕೂತು ಆ ಚಟ್ನಿ ನಾವೇ ತಿಂದೆವು.