ಹೊನ್ನಕ್ಕ ತಂದ ಹತ್ತಿಕಡ್ಡಿ

ಗಾಜಿನ ತಟ್ಟೆಯಲ್ಲಿ ಪುಡಿ ಹಾಕಿದ ಜಾಗದ ಸುತ್ತ ಏನೂ ಬೆಳೆದಿರಲಿಲ್ಲ. ನಾನು ಮರುಕದಿಂದ, "ಇಷ್ಟಗಲ ಮೊಳಕೇನೇ ಬಂದಿಲ್ಲ ಸಾರ್, ಮತ್ತೆ ಬಿತ್ತೋಣವಾ?" ಎಂದೆ. ಡಾಕ್ಟರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಕ್ರಿಮಿ ಬೆಳೆಸಲೆಂದೇ ಇಟ್ಟ ಆ ತಟ್ಟೆಯಲ್ಲಿ ಬೋಳು ಜಾಗವೇ ಫಸಲು. ಪುಡಿ ರೋಗದ ಕ್ರಿಮಿಯನ್ನು ತಡೆದಿದೆ ಎಂದರ್ಥ. ಪರಶುರಾಂಪುರದ ಶೇಂಗಾ ಹೊಲದಿಂದ ಬಂದು ಚಳ್ಳಕೆರೆಯಲ್ಲಿ ಅವರ ಬಳಿ ಸಂಬಳಕ್ಕೆ ನಿಂತ ನನ್ನ ತಲೆಗೆ ಇದು ಇಳಿಯಲು ಬಹಳ ದಿನ ಬೇಕಾಯಿತು.

ಯುದ್ಧದ ಕಾಲ. ಕೀವಿನ ಜ್ವರಕ್ಕೆ ಕೊಡುವ ಸಲ್ಫಾ ಮಾತ್ರೆ ಎಲ್ಲೂ ಸಿಗುತ್ತಿರಲಿಲ್ಲ. ಬೆಂಗಳೂರಿನ ಗೆಳೆಯರೊಬ್ಬರು ತಾವೇ ತಯಾರಿಸಿದ ಹೊಸ ಸಲ್ಫಾ ಪುಡಿಗಳನ್ನು ಡಾಕ್ಟರಿಗೆ ಕಳಿಸುತ್ತಿದ್ದರು. ಯಾವುದು ನೀರಿಗೆ ಕರಗುತ್ತದೆ, ಯಾವುದು ಕರಗಲು ಅಡುಗೆ ಸೋಡಾ ಬೇಕು, ಯಾವುದಕ್ಕೆ ಕ್ರಿಮಿ ಜಗ್ಗುತ್ತದೆ ಎಂದು ನೋಡುವುದೇ ನಮ್ಮ ಕೆಲಸ.

ಗಾಜು ತೊಳೆಯುತ್ತಿದ್ದವಳು ಹೊನ್ನಕ್ಕ. ಕುರಿ ಹಿಂದೆ ಹೋದ ಗಂಡ ಹಾವು ಕಚ್ಚಿ ಸತ್ತ ಮೇಲೆ ಗೌರಸಮುದ್ರ ಬಿಟ್ಟು ಬಂದು, ಒಬ್ಬಳೇ ಮಗಳನ್ನು ಸಾಕಿದವಳು. ನನ್ನನ್ನು ಕಂಡರೆ, "ಏನ್ಲೇ ರೈತಾ, ಮೊಳಕೆ ಬಂತಾ?" ಎನ್ನುವಳು.

ಆ ಮಗಳ ಹೆಸರು ಚಿಕ್ಕಕ್ಕ. ಅವಳಿಗೆ ಹೆರಿಗೆಯಾದ ವಾರದೊಳಗೆ ಜ್ವರ ಏರಿತು. ಬಾಣಂತಿ ಕೋಣೆಗೆ ಗಂಡಸರು ಕಾಲಿಡುವಂತಿಲ್ಲ. ಡಾಕ್ಟರು ಬಾಗಿಲಾಚೆ ನಿಂತೇ ಹೇಳಿಕೊಟ್ಟರು. ಹೊನ್ನಕ್ಕ ಹತ್ತಿ ಸುತ್ತಿದ ಕಡ್ಡಿಗೆ ಕೀವು ಒತ್ತಿ, ಗಾಜಿನ ಕೊಳವೆಯಲ್ಲಿ ತಂದುಕೊಟ್ಟಳು. ಅದನ್ನು ತಟ್ಟೆಗೆ ಸವರಿ, ಮೇಲೆ ಅಲ್ಲಲ್ಲಿ ಪುಡಿಗಳನ್ನು ಇಟ್ಟೆವು.

ಮರುದಿನ ತಟ್ಟೆ ಪೂರ್ತಿ ಬೋಳು. "ಗೆದ್ವಿ ಅಕ್ಕಾ" ಎಂದೆ, ಪಾಠ ಕಲಿತ ಹೆಮ್ಮೆಯಲ್ಲಿ. ಡಾಕ್ಟರ ಮುಖ ಮಾತ್ರ ಕಪ್ಪಿಟ್ಟಿತು. ಪುಡಿ ಹಾಕದ ಕಡೆಯೂ ಏನೂ ಬೆಳೆದಿರಲಿಲ್ಲ.

"ಹೊನ್ನಕ್ಕ, ಕಡ್ಡೀನ ಏನು ಮಾಡಿದೆ?"

"ಏನ್ ಮಾಡ್ಲಿ ಸಾಮಿ. ಬಾಣಂತಿ ಕ್ವಾಣೆಯಿಂದ ಏನೇ ಈಚೆ ಬಂದ್ರೂ ಕೆಂಡಕ್ಕೆ ಹಿಡ್ದು ತರೋದು. ಹಿಡ್ದೆ."

"ಕ್ರಿಮಿಯೆಲ್ಲ ಸುಟ್ಟು ತಂದಿದ್ದೀಯ."

"ಅವಳ ಮೈಯಾಗಿರೋವು?"

ಹೊನ್ನಕ್ಕ ಆಗಲೇ ಹೊಸ ಕೊಳವೆ ಹಿಡಿದು ಹೊರಟಿದ್ದಳು. ಈ ಸಲ ಕೆಂಡ ತೋರಿಸದೆ ಸೆರಗಿನಲ್ಲಿ ಮುಚ್ಚಿ ತಂದಳು. ಓಣಿಯ ಮುದುಕಿಯರ ಬೈಗುಳ ದಾರಿಯುದ್ದಕ್ಕೂ ಹಿಂದೆ ಬಂತು.

ಬೆಳಗ್ಗೆ ತಟ್ಟೆ ತುಂಬ ಕ್ರಿಮಿ ಹಬ್ಬಿತ್ತು. ಒಂದೇ ಒಂದು ಪುಡಿಯ ಸುತ್ತ ಮಾತ್ರ ಚೊಕ್ಕ ಬಯಲು. ಆ ಪುಡಿಯನ್ನು ಪರೀಕ್ಷೆಯ ಮೊಲಗಳು ತಿಂದು ಬದುಕಿದ್ದವು, ಮನುಷ್ಯರು ಯಾರೂ ತಿಂದಿರಲಿಲ್ಲ. ಡಾಕ್ಟರು ಪೊಟ್ಟಣ ಹಿಡಿದು ಅನುಮಾನಿಸುತ್ತ ನಿಂತರು. ಹೊನ್ನಕ್ಕ ಅದನ್ನು ಕೈಯಿಂದ ಕಿತ್ತುಕೊಂಡು ಹೋಗಿ, ಸೋಡಾ ನೀರಿನಲ್ಲಿ ಕದಡಿ ಕುಡಿಸಿದಳು.

ಎರಡು ದಿನಕ್ಕೆ ಮೈ ಬೆವರಿ ಜ್ವರ ಇಳಿಯಿತು. ಚಿಕ್ಕಕ್ಕ ಮುದ್ದೆ ಕೇಳಿದಳಂತೆ. ಸುದ್ದಿ ಕೇಳಿದ ಖುಷಿಯಲ್ಲಿ ನಾನು ನೋಡದೆ ತೊಳೆದಿಟ್ಟ ಗಾಜಿನ ಬುಟ್ಟಿಯ ಮೇಲೇ ಕೂತುಬಿಟ್ಟೆ. ಹೊನ್ನಕ್ಕ ಅವತ್ತು ಬೈಯಲೂ ಇಲ್ಲ.

ಆಮೇಲೆ ಪುಡಿ ಮಾಡಿದ ಬೆಂಗಳೂರಿನವರೇ ನೋಡಲು ಬಂದರು. "ಯಾರೂ ತಿನ್ನದ ಪುಡಿಯನ್ನು ಮಗಳಿಗೆ ಕೊಟ್ಟೆಯಲ್ಲಮ್ಮ, ನನ್ನ ಮೇಲೆ ಅಷ್ಟು ನಂಬಿಕೆಯಾ?" ಎಂದು ಕೇಳಿದರು.

"ನಂಬಿಕೆ ಎಲ್ಲೀದು ಸಾಮಿ. ಹಳೇ ಮಾತ್ರೆ ಸಿಕ್ಕಿದ್ರೆ ನಿಮ್ಮ ಪುಡೀನ ಮೂಸೂ ನೋಡ್ತಿರ್ಲಿಲ್ಲ."