ಉಸಿರೆಣಿಸುವ ಮುತ್ಯಾಲಮ್ಮ

ಬೆಳಗಿನ ಐದೂವರೆ. ದೊಡ್ಡಬಳ್ಳಾಪುರದ ಮಗ್ಗಗಳು ಇನ್ನೂ ಎದ್ದಿಲ್ಲ. ಊರಾಚೆಯ ಟ್ರಸ್ಟ್ ಆಸ್ಪತ್ರೆಯ ಎದೆರೋಗದ ವಾರ್ಡಿನಲ್ಲಿ ಫಿನಾಯಿಲ್ ವಾಸನೆ ಹರಡಿದೆ. ಆಯಾ ಮುತ್ಯಾಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲ ಒರೆಸುತ್ತಿದ್ದಾರೆ. ಒಂದೊಂದು ಮಂಚದ ಹತ್ತಿರ ಬಂದಾಗಲೂ ಅವರ ಕೈ ಸ್ವಲ್ಪ ನಿಧಾನವಾಗುತ್ತದೆ, ಕಣ್ಣು ಗೋಡೆ ಗಡಿಯಾರಕ್ಕೂ ಮಲಗಿದವರ ಎದೆಗೂ ಹೋಗಿ ಬರುತ್ತದೆ. ಸೆಕೆಂಡಿನ ಮುಳ್ಳು ಪೂರ್ತಿ ಒಂದು ಸುತ್ತು ಬಂದ ಮೇಲೆಯೇ ಅವರು ಮುಂದಿನ ಮಂಚಕ್ಕೆ ಸರಿಯುವುದು. ರೋಗಿಗಳಿಗೆ ಇದು ಗೊತ್ತೇ ಆಗುವುದಿಲ್ಲ. ನೆಲ ಒರೆಸುವವರನ್ನು ಯಾರು ಗಮನಿಸುತ್ತಾರೆ?

"ಒಂದನೇ ಮಂಚ ಹದಿನೆಂಟು. ಎರಡನೇದು ಇಪ್ಪತ್ತು, ಪರವಾಗಿಲ್ಲ. ಮೂರನೇ ಮಂಚದ ತಾತ ನಿದ್ದೆ ನಾಟ್ಕ ಆಡ್ತವ್ನೆ. ಬಚ್ಚಲ ಹಿಂದೆ ಬೀಡಿ ಸೇದ್ಬಿಟ್ಟು ಈಗ ತಾನೆ ಬಂದು ಮಲಗವ್ನೆ," ಎಂದು ತಮ್ಮ ಬಗ್ಗೆ ಬರೆಯಲು ಬಂದಿರುವ ನಮಗೆ ಹೇಳುತ್ತಾರೆ. ಹೊದಿಕೆಯೊಳಗಿಂದ ತಾತ, "ನಿನ್ ಮೂಗಿಗೆ ಬೆಂಕಿ ಹಾಕ," ಎಂದು ಗೊಣಗುತ್ತಾನೆ.

ತಡಿಕೆಯ ಆಚೆಗೆ ಹೆಂಗಸರ ಮಂಚಗಳು. ಹನ್ನೆರಡನೆಯದರ ಹತ್ತಿರ ಮುತ್ಯಾಲಮ್ಮನ ಒರೆಸುವ ಬಟ್ಟೆ ನಿಂತೇ ಹೋಗುತ್ತದೆ. ಹತ್ತಿರದ ಮಧುರೆ ಕಡೆಯ ಅಶ್ವತ್ಥಮ್ಮ ಉಬ್ಬಸದಿಂದ ನರಳುತ್ತಾ ಇಲ್ಲಿಗೆ ಬಂದು ಮೂರು ದಿನವಾಗಿದೆ. ದಿಂಬಿಗೆ ಒರಗಿ, ಎರಡೂ ಅಂಗೈಯನ್ನು ಹಾಸಿಗೆಗೆ ಊರಿ, ಕಣ್ಣು ಮುಚ್ಚಿಕೊಂಡು ಕೂತಿದ್ದಾರೆ. ಮುತ್ಯಾಲಮ್ಮ ಒಮ್ಮೆ ಎಣಿಸುತ್ತಾರೆ. ಗಡಿಯಾರ ನೋಡಿ ಇನ್ನೊಮ್ಮೆ ಎಣಿಸುತ್ತಾರೆ. ಮೂವತ್ತು. ನೆನ್ನೆ ಸಂಜೆ ಇಪ್ಪತ್ತೆರಡಿತ್ತು.

ಅಶ್ವತ್ಥಮ್ಮ ಇವತ್ತು ಮನೆಗೆ ಹೋಗುವವರಿದ್ದಾರೆ. ಒಂಬತ್ತಕ್ಕೆ ಡಾಕ್ಟರು ಬಂದು ಡಿಸ್ಚಾರ್ಜ್ ಚೀಟಿಗೆ ಸಹಿ ಹಾಕಿದರೆ ಹತ್ತು ಗಂಟೆಯ ಬಸ್ಸು. ಗಂಡ ಮುನಿಶಾಮಪ್ಪ ಆಗಲೇ ಬಟ್ಟೆ ಗಂಟು ಕಟ್ಟಿಟ್ಟಿದ್ದಾರೆ. "ಮನೇಲಿ ಹಸ ಬೇರೆಯವ್ರಿಗೆ ಕೆಚ್ಚಲು ಮುಟ್ಟಕ್ಕೆ ಬಿಡಲ್ಲ. ಮೂರ್ ದಿನದಿಂದ ಒದೀತಾ ಐತಂತೆ," ಎನ್ನುತ್ತಾರೆ. "ಬಂದಾಗ ಸುಂಯ್ ಸುಂಯ್ ಅಂತಿದ್ಲು. ಈಗ ನೋಡಿ, ಸದ್ದೇ ಇಲ್ಲ. ವಾಸಿಯಾಗೋಯ್ತು."

ಆ ಸದ್ದಿಲ್ಲದಿರುವುದೇ ಮುತ್ಯಾಲಮ್ಮನಿಗೆ ಹಿಡಿಸಿಲ್ಲ. ರಾತ್ರಿ ಪಾಳಿಯ ಸಿಸ್ಟರಿಗೆ ಹೇಳಿದರೆ, "ನಿದ್ದೆ ಬಂದಿದೆ ಬಿಡಿ ಆಯಮ್ಮ, ಡಾಕ್ಟರು ಬಂದು ನೋಡ್ತಾರಲ್ಲ," ಎಂದು ಪಾಳಿ ಮುಗಿಸುವ ಗಡಿಬಿಡಿಗೆ ಹೋಗುತ್ತಾರೆ. ಸಿಸ್ಟರನ್ನು ದೂರುವಂತಿಲ್ಲ. ಹದಿನೆಂಟು ಮಂಚಕ್ಕೆ ಅವರೊಬ್ಬರೇ.

ಮುತ್ಯಾಲಮ್ಮ ರಾಜಘಟ್ಟದವರು. ಓದಿದ್ದು ನಾಲ್ಕನೇ ತರಗತಿ. ಈ ವಾರ್ಡಿಗೆ ಬಂದು ಇಪ್ಪತ್ತೊಂದು ವರ್ಷ. ಯಜಮಾನರು ಮಗ್ಗದ ಕೆಲಸಗಾರರು. ಅವರ ಹೆಸರು ಕೇಳಿದರೆ ಮುತ್ಯಾಲಮ್ಮ ನಗುತ್ತಾ ಮುಖ ಆಚೆಗೆ ತಿರುಗಿಸುತ್ತಾರೆ. ಗಂಡನ ಹೆಸರು ಬಾಯಲ್ಲಿ ಹೇಳಿ ರೂಢಿಯಿಲ್ಲ. ಪಕ್ಕದ ಮಂಚದ ಹೆಂಗಸು, "ಪಾಪಯ್ಯ ಅಂತ ಬರ್ಕೊಳ್ಳಿ," ಎಂದು ಕೂಗುತ್ತಾಳೆ. ಮೂವತ್ತು ವರ್ಷ ಮಗ್ಗದ ಸದ್ದಿನಲ್ಲಿದ್ದು ಪಾಪಯ್ಯನವರ ಕಿವಿ ಮಂದವಾಗಿದೆ. "ಮನೇಲಿ ಕೂಗೀ ಕೂಗೀ ಗಂಟ್ಲು ಹೋಯ್ತದೆ. ಇಲ್ಲಿ ಬಂದ್ರೆ ಬಾಯಿ ಮುಚ್ಕೊಂಡು ಕೇಳಿಸ್ಕೊಳೋ ಕೆಲ್ಸ," ಎನ್ನುತ್ತಾರೆ ಮುತ್ಯಾಲಮ್ಮ.

ಕೆಲಸ ಕಲಿಸಿದ್ದು ಆಗಿನ ದೊಡ್ಡ ಡಾಕ್ಟರು ನರಸಿಂಹಯ್ಯನವರು. ಉಸಿರು ಎಣಿಸುತ್ತಿದ್ದಾರೆಂದು ತಿಳಿದರೆ ರೋಗಿಯ ಉಸಿರೇ ಬದಲಾಗುತ್ತದೆ, ಗಟ್ಟಿಯಾಗಿ ಎಳೆಯುತ್ತಾನೆ, ಇಲ್ಲವೇ ಬಿಗಿಹಿಡಿಯುತ್ತಾನೆ. ಅದಕ್ಕೇ ಅವರು, "ನೀನು ನೆಲ ಒರೆಸುವಾಗ ಎಣಿಸಮ್ಮ, ನಿನಗೆ ಸಿಕ್ಕುವ ಲೆಕ್ಕ ನನಗೆ ಸಿಕ್ಕುವುದಿಲ್ಲ," ಎಂದರಂತೆ. ಮೊದಮೊದಲು ಗಡಿಯಾರ ನೋಡುತ್ತಾ ಎಣಿಸುವುದೇ ಕಷ್ಟವಾಗುತ್ತಿತ್ತು. ನಾಡಿ ಹಿಡಿದಂತೆ ಮಾಡಿ ಎದೆ ನೋಡುವುದು, ಕುತ್ತಿಗೆಯ ಬುಡದ ಗುಳಿ ಉಸಿರಿಗೊಮ್ಮೆ ಒಳಗೆ ಹೋಗುತ್ತದೆಯೇ ಎಂದು ನೋಡುವುದು, ಮೂಗಿನ ಹೊಳ್ಳೆ ಅರಳುತ್ತದೆಯೇ ಎಂದು ನೋಡುವುದು, ಒಂದೊಂದನ್ನೂ ಡಾಕ್ಟರು ಹೇಳಿಕೊಟ್ಟರು. ಕೆಲವನ್ನು ಮುತ್ಯಾಲಮ್ಮ ತಾವೇ ಕಂಡುಕೊಂಡರು. ಉಸಿರು ಸಾಲದವರ ಉಗುರು ನೀಲಿಯಾಗುತ್ತದೆಂದು ಪುಸ್ತಕದಲ್ಲಿದೆ. ಈ ಊರಿನಲ್ಲಿ ರೇಷ್ಮೆಗೆ ಬಣ್ಣ ಹಾಕುವವರ ಉಗುರು ವರ್ಷವಿಡೀ ನೀಲಿ, ಹಸಿರು, ಕೆಂಪು. "ಬಣ್ಣದ ಮನೆಯವ್ರ ಉಗುರು ನೋಡ್ಬೇಡಿ, ನಾಲ್ಗೆ ಚಾಚ್ಸಿ," ಎಂದು ಬಂದ ಹುಡುಗಿಯರಿಗೆಲ್ಲ ಹೇಳುತ್ತಾರೆ.

ಬಂದ ಹುಡುಗಿಯರೆಂದರೆ ನರ್ಸಿಂಗ್ ಶಾಲೆಯವರು. ತಂಡ ತಂಡವಾಗಿ ಬಂದು ತಿಂಗಳು ಇಲ್ಲಿದ್ದು, ಉಸಿರಾಟದ ರೋಗಿಯನ್ನು ಪರೀಕ್ಷಿಸುವುದನ್ನು ಕಲಿತು ಹೋಗುತ್ತಾರೆ. ಪಾಠ ಡಾಕ್ಟರದು, ಸಹಿ ಸಿಸ್ಟರದು. ಮುತ್ಯಾಲಮ್ಮನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಆದರೆ ತಿಂಗಳು ಮುಗಿಯುವ ಹೊತ್ತಿಗೆ ಎಲ್ಲರಿಗೂ ಅವರದೊಂದು ಪರೀಕ್ಷೆ ಬಾಯಿಪಾಠವಾಗಿರುತ್ತದೆ. ರೋಗಿಯನ್ನು ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳುವುದು. ಒಂದೇ ಉಸಿರಿಗೆ ಎಷ್ಟು ಹೆಸರು ಬರುತ್ತದೆ ಎಂದು ಲೆಕ್ಕ ಹಾಕುವುದು. ಅಂಕಿ ಎಣಿಸಿ ಎಂದರೆ ಹಳ್ಳಿಯವರು ಗಾಬರಿಯಾಗಿ ತಡವರಿಸುತ್ತಾರೆ, ಮನೆಯವರ ಹೆಸರಿಗೆ ಯಾರೂ ತಡವರಿಸುವುದಿಲ್ಲ. "ಅತ್ತೆ ಹೆಸ್ರೂ ನೆಪ್ಪಾಗಿ ಬಂತು ಅಂದ್ರೆ ಆ ಗಂಡಸ್ನ ನಾಳೆನೇ ಮನೆಗ್ ಕಳಿಸ್ಬೋದು," ಎಂದು ಮುತ್ಯಾಲಮ್ಮ ನಗುತ್ತಾರೆ.

ಅಂದು ಮುತ್ಯಾಲಮ್ಮ ಹನ್ನೆರಡನೇ ಮಂಚದ ಸುತ್ತಲೇ ಒರೆಸುತ್ತಾ ಅಶ್ವತ್ಥಮ್ಮನ ಮೇಲೆ ಕಣ್ಣಿಟ್ಟಿದ್ದಾರೆ. ಎಂಟು ಗಂಟೆಗೆ ಪ್ರಮೋದಾ ಬರುತ್ತಾಳೆ. ಹೊಸಕೋಟೆಯ ಹುಡುಗಿ, ವಾರ್ಡಿಗೆ ಬಂದು ನಾಲ್ಕು ದಿನವಾಗಿದೆ. ಒಂಬತ್ತರೊಳಗೆ ಹದಿನೆಂಟು ಮಂಚವನ್ನೂ ನೋಡಿ ಬರೆದಿಡಬೇಕು. ಹನ್ನೆರಡನೇ ಮಂಚದ ಮುಂದೆ ನಿಂತು ಕೈಗಡಿಯಾರ ನೋಡಿ, ಹದಿನೈದು ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ, ಇಪ್ಪತ್ನಾಲ್ಕು ಎಂದು ಬರೆಯುತ್ತಾಳೆ.

"ಅಮ್ಮಾ, ಮನೇಲಿ ಯಾರ್ಯಾರಿದ್ದೀರಿ, ಹೇಳಿ."

"ರವಿಚಂದ್ರ... ಭಾನುಪ್ರಿಯಾ..." ಅಶ್ವತ್ಥಮ್ಮ ಅಲ್ಲಿಗೆ ನಿಲ್ಲಿಸುತ್ತಾರೆ.

ಮುನಿಶಾಮಪ್ಪ ಮಂಚದ ಕಾಲ ಬಳಿಯೇ ನಿಂತಿದ್ದಾರೆ. ಪಕ್ಕದ ಮಂಚದ ಹೆಂಗಸು, "ಮಕ್ಳದಾಯ್ತು, ಇನ್ನೊಬ್ರುದು ಬಾಯಿಗೆ ಬರ್ಬೇಕಲ್ಲ! ಎದುರ್ಗೇ ನಿಂತವ್ರೆ," ಎನ್ನುತ್ತಾಳೆ. ವಾರ್ಡೆಲ್ಲ ನಗುತ್ತದೆ. ಮುನಿಶಾಮಪ್ಪ ನಾಚಿ ಕಿಟಕಿ ಕಡೆ ನೋಡುತ್ತಾರೆ. ಪ್ರಮೋದಾಳೂ ನಕ್ಕು, 'ಮಾತಿಗೆ ತೊಂದರೆ ಇಲ್ಲ' ಎಂದು ಬರೆದು ಹದಿಮೂರನೇ ಮಂಚಕ್ಕೆ ಹೊರಡುತ್ತಾಳೆ.

ಅಶ್ವತ್ಥಮ್ಮ ಮಾತ್ರ ನಕ್ಕಿಲ್ಲ. ಮುತ್ಯಾಲಮ್ಮನೂ ನಕ್ಕಿಲ್ಲ.

ಅದಕ್ಕೆ ಕಾರಣವಿದೆ. ಅವರು ವಾರ್ಡಿಗೆ ಬಂದ ಕೆಲವು ವರ್ಷಕ್ಕೆ, ಎಂಬತ್ತೊಂಬತ್ತನೇ ಇಸವಿಯಲ್ಲಿ, ತ್ಯಾಮಗೊಂಡ್ಲು ಕಡೆಯಿಂದ ರುಕ್ಮಿಣಮ್ಮ ಎಂಬ ಬಾಣಂತಿ ಇದೇ ಸಾಲಿನಲ್ಲಿ ಮಲಗಿದ್ದರು. ಹೆಸರು ಹೇಳಿಸಿದವರು ಮುತ್ಯಾಲಮ್ಮನೇ. ಎರಡು ಹೆಸರಿಗೆ ರುಕ್ಮಿಣಮ್ಮ ನಿಂತರು. "ಗಂಡನ ಹೆಸ್ರು ಹೇಳೋ ಸರದಿ ಬಂತು, ಹುಡ್ಗಿಗೆ ನಾಚ್ಕೆ ಅಂತ ಎಲ್ರೂ ನಕ್ರು. ನಾನೂ ನಕ್ಕೆ," ಎನ್ನುತ್ತಾರೆ ಮುತ್ಯಾಲಮ್ಮ. "ಅವ್ಳಿಗೆ ಉಸ್ರಿರ್ಲಿಲ್ಲ. ಅರ್ಧ ಗಂಟೆ ಆದ್ಮೇಲೆ ತುಟಿ ಕಪ್ಪಾಯ್ತು. ಡಾಕ್ಟ್ರು ಓಡ್ಬಂದ್ರು. ಉಳೀಲಿಲ್ಲ." "ಮಗೀಗೆ ಇಪ್ಪತ್ತು ದಿನ," ಎಂದು ಸೇರಿಸುತ್ತಾರೆ.

ಅಂದಿನಿಂದ ಅವರು ಹೆಂಗಸರಿಗೆ ಗಂಡನ ಮನೆಯವರ ಹೆಸರು ಕೇಳುವುದಿಲ್ಲ. ತವರುಮನೆಯವರನ್ನು ಕೇಳುತ್ತಾರೆ. ಅಲ್ಲಿ ಹೇಳಬಾರದ ಹೆಸರೊಂದೂ ಇರುವುದಿಲ್ಲ. ನಿಂತರೆ ಉಸಿರು ಸಾಲದೆ ನಿಂತಂತೆ. ನಾಲ್ಕು ದಿನದ ಪ್ರಮೋದಾಳಿಗೆ ಇದನ್ನು ಯಾರೂ ಇನ್ನೂ ಹೇಳಿಲ್ಲ.

ಮುತ್ಯಾಲಮ್ಮ ಒರೆಸುವ ಬಟ್ಟೆ ಬಿಟ್ಟು ಕೈ ತೊಳೆದು ಬಂದು ಅಶ್ವತ್ಥಮ್ಮನ ಪಕ್ಕ ಬಗ್ಗುತ್ತಾರೆ. "ಅವ್ವಾ, ತವರ್ಮನೇಲಿ ಯಾರ್ಯಾರವ್ರೆ? ನೆನ್ನೆ ಹೇಳಿದ್ಯಲ್ಲ, ಹಂಗೇ ಹೇಳು." ನೆನ್ನೆ ಸಂಜೆ ಏಳು ಹೆಸರು ಒಂದೇ ಉಸಿರಿಗೆ ಬಂದಿದ್ದವು.

"ಅಪ್ಪಯ್ಯಣ್ಣ..." ಉಸಿರು. "ಸೊಣ್ಣಪ್ಪ..." ಉಸಿರು. ಆಮೇಲೆ ತಲೆ ಮಾತ್ರ ಅಲ್ಲಾಡುತ್ತದೆ. ಕಣ್ಣು ಮತ್ತೆ ಮುಚ್ಚಿಕೊಳ್ಳುತ್ತದೆ.

ಈಗ ಮುತ್ಯಾಲಮ್ಮ ಓಡಿಹೋಗಿ ಡಾಕ್ಟರನ್ನು ಕರೆಯಬಹುದಿತ್ತು. ಹಿಂದೆ ಹಾಗೆ ಮಾಡಿ ಬೈಸಿಕೊಂಡದ್ದೂ ಇದೆ. ಮಂಚದ ಚಾರ್ಟಿನಲ್ಲಿ ಎಲ್ಲ ಸರಿ ಎಂದು ಬರೆದಿರುವಾಗ ಆಯಾ ಹೇಳಿದಳೆಂದು ರೌಂಡ್ಸು ಮುಂಚೆಯಾಗುವುದಿಲ್ಲ. ಅವರು ಹೋಗಿ ಪ್ರಮೋದಾಳ ಕೈ ಹಿಡಿದು ಕರೆತರುತ್ತಾರೆ. ಬಕೆಟ್ಟಿನ ನೀರನ್ನು ಮೋರಿಗೆ ಸುರಿದು, ಬಕೆಟ್ಟನ್ನು ಮಂಚದ ಪಕ್ಕ ಬೋರಲು ಹಾಕುತ್ತಾರೆ.

"ಕೂತ್ಕೊ ಮಗಾ."

"ಆಯಮ್ಮಾ, ಇನ್ನೂ ಆರು ಮಂಚ ಇದೆ, ಸಿಸ್ಟರ್ ಬಯ್ತಾರೆ."

"ಬಯ್ಲಿ. ನಾಡಿ ಹಿಡ್ಕೊ. ಮುಖ ನೋಡ್ಬೇಡ, ಎದೆ ನೋಡು. ಮುಳ್ಳು ಪೂರ್ತಿ ಸುತ್ತು ಬರೋಗಂಟ ಏಳ್ಬೇಡ."

ಪ್ರಮೋದಾ ಎಣಿಸುತ್ತಾಳೆ. ಅರ್ಧ ನಿಮಿಷಕ್ಕೇ ಅವಳ ಮುಖದ ಬಣ್ಣ ಬದಲಾಗುತ್ತದೆ. ಮುಳ್ಳು ಹನ್ನೆರಡಕ್ಕೆ ಬಂದಾಗ ಮೂವತ್ತನಾಲ್ಕು. ಮುತ್ಯಾಲಮ್ಮ ಸೆರಗು ಸರಿಸಿ ಕುತ್ತಿಗೆಯ ಗುಳಿ ತೋರಿಸುತ್ತಾರೆ, ಉಸಿರಿಗೊಮ್ಮೆ ಅದು ಒಳಗೆ ಸೇದಿಹೋಗುತ್ತಿದೆ. ಪ್ರಮೋದಾ ಸ್ಟೆತಾಸ್ಕೋಪು ಇಡುತ್ತಾಳೆ. ಎಡಕ್ಕೆ, ಬಲಕ್ಕೆ, ಬೆನ್ನಿಗೆ.

"ಏನೂ ಕೇಳಿಸ್ತಿಲ್ಲ ಆಯಮ್ಮಾ. ಸೀಟಿ ಸದ್ದೂ ಇಲ್ಲ."

"ಗಾಳಿ ಹೋದ್ರಲ್ವ ಸದ್ದು ಬರೋದು? ಹೋಗಿ ಡಾಕ್ಟ್ರುಗೆ ಹೇಳು."

"ನೀವೇ ಬನ್ನಿ. ನಾನು ಸರಿ ಇದೆ ಅಂತ ಬರೆದ್ಬಿಟ್ಟಿದ್ದೀನಿ..."

"ನಾನ್ ಹೇಳಿದ್ರೆ ಆಯಾ ಮಾತಾಯ್ತದೆ ಕಣವ್ವ. ನೀನ್ ಹೇಳಿದ್ರೆ ಬರ್ತಾರೆ. ಬರ್ದಿದ್ನ ಹೊಡ್ದಾಕು, ಹೋಗು. ಎಣ್ಸಿದ್ದು ನೀನೇ ಅಲ್ವಾ?"

ಪ್ರಮೋದಾ ಇಪ್ಪತ್ನಾಲ್ಕನ್ನು ಹೊಡೆದುಹಾಕಿ ಮೂವತ್ತನಾಲ್ಕು ಎಂದು ಬರೆದು ಓಡುತ್ತಾಳೆ. ಡಾಕ್ಟರ್ ಜಯಕುಮಾರ್ ಕಾಫಿ ಅರ್ಧಕ್ಕೆ ಬಿಟ್ಟು ಬರುತ್ತಾರೆ. ಎದೆಗೆ ಕಿವಿ ಕೊಟ್ಟವರೇ ಆಕ್ಸಿಜನ್ ಸಿಲಿಂಡರಿಗೆ ಕೈ ತೋರಿಸುತ್ತಾರೆ. ಇಂಜೆಕ್ಷನ್, ಡ್ರಿಪ್ಪು, ಔಷಧಿಯ ಹಬೆ ಕೊಡುವ ಯಂತ್ರ, ಒಂದರ ಹಿಂದೊಂದು ಬರುತ್ತವೆ. ಮುನಿಶಾಮಪ್ಪ ಬಟ್ಟೆ ಗಂಟನ್ನು ಅವುಚಿಕೊಂಡು ಗೋಡೆಗೆ ಒರಗಿದ್ದಾರೆ. ಹತ್ತರ ಬಸ್ಸು ಹಾರ್ನ್ ಹೊಡೆದು ಹೋದದ್ದು ಅವರಿಗೆ ಕೇಳಿಸಿದಂತಿಲ್ಲ. "ಬಸ್ಸಿನಲ್ಲಿ ಕೂರಿಸಿದ್ದರೆ ಮಧುರೆ ತಲುಪುತ್ತಿದ್ದರೋ ಇಲ್ಲವೋ," ಎಂದು ಡಾಕ್ಟರು ಸಿಸ್ಟರಿಗೆ ಮೆಲ್ಲಗೆ ಹೇಳುತ್ತಾರೆ.

ಹನ್ನೊಂದು ಗಂಟೆಯ ಹೊತ್ತಿಗೆ ಅಶ್ವತ್ಥಮ್ಮನ ಎದೆಯಿಂದ ಸುಂಯ್ ಸುಂಯ್ ಸದ್ದು ಏಳುತ್ತದೆ. ಮುನಿಶಾಮಪ್ಪ ಬೆಚ್ಚಿಬೀಳುತ್ತಾರೆ. "ಅಯ್ಯೋ, ಮತ್ತೆ ಶುರುವಾಯ್ತಲ್ಲವ್ವಾ!"

"ಬರ್ಲಿ ಬಿಡಪ್ಪಾ," ಎನ್ನುತ್ತಾರೆ ಮುತ್ಯಾಲಮ್ಮ, ಬೆಳಗಿನಿಂದ ಮೊದಲ ಬಾರಿಗೆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾ. "ಈ ಸದ್ದಿಗೇ ಕಾಯ್ತಿದ್ದೆ. ಈಗ ಗಾಳಿ ಓಡಾಡ್ತೈತೆ."

ಮೂರು ಗಂಟೆಗೆ ಎಣಿಸಿದಾಗ ಇಪ್ಪತ್ತಾರು. ಇನ್ನೂ ಎರಡು ದಿನ ಇರಬೇಕೆಂದು ಡಾಕ್ಟರು ಹೇಳಿದ್ದಾರೆ. ಹಸುವಿನ ಚಿಂತೆಗೆ ಮುನಿಶಾಮಪ್ಪ ಒಬ್ಬರೇ ಊರಿಗೆ ಹೋಗಿ ಬರುತ್ತಾರೆ, ಅದು ಅವರನ್ನು ಒದೆಯುವುದು ಖಂಡಿತ ಎಂದು ಅಶ್ವತ್ಥಮ್ಮ ಮೂಗಿನ ನಳಿಗೆಯ ನಡುವೆಯೇ ಹೇಳುತ್ತಾರೆ. ಅಷ್ಟು ಉದ್ದದ ಮಾತು ಒಂದೇ ಉಸಿರಿಗೆ ಬಂದದ್ದನ್ನು ಮುತ್ಯಾಲಮ್ಮ ಪ್ರಮೋದಾಳಿಗೆ ಕಣ್ಣಿನಲ್ಲೇ ತೋರಿಸುತ್ತಾರೆ.

ಸಿಸ್ಟರು ಪ್ರಮೋದಾಳನ್ನು ಪಕ್ಕಕ್ಕೆ ಕರೆದು ಗದರಿದ್ದಾರೆ. ಅವಳ ಕಣ್ಣು ಕೆಂಪಾಗಿದೆ. ಮುತ್ಯಾಲಮ್ಮ ಅವಳ ಪರ ವಹಿಸುತ್ತಾರೆ. "ಎಣ್ಸಕ್ಕೆ ಬರಲ್ಲ ಅಂತಲ್ಲ. ಹದಿನೆಂಟು ಮಂಚನ ನಿಂತ್ಕೊಂಡೇ ನೋಡ್ಬೇಕು. ನಿಂತ್ರೆ ಕಾಲು ಮುಂದಿನ್ ಮಂಚದ ಕಡೆಗೇ ಎಳೀತದೆ. ನನ್ಗೂ ಹಂಗೇ ಆಯ್ತಿತ್ತು."

ಆಸ್ಪತ್ರೆಯವರು ಏನಾದರೂ ಕೊಡುವುದಾದರೆ ಏನು ಬೇಕು ಎಂದು ಕೇಳಿದರೆ ಮುತ್ಯಾಲಮ್ಮ ಯೋಚಿಸುವುದೂ ಇಲ್ಲ.

"ಮಂಚಕ್ಕೊಂದು ಸ್ಟೂಲು. ಹದಿನೆಂಟು ಬೇಡ, ಜಾಸ್ತಿ ಆಯ್ತದೆ ಅಂತಾರೆ. ಒಂಬತ್ತು ಕೊಟ್ರೂ ಸಾಕು, ಎರಡು ಮಂಚದ ನಡುವೆ ಒಂದೊಂದು ಹಾಕ್ತೀನಿ. ಈ ಹುಡ್ಗೀರು ಕೂತ್ಕೊಂಡ್ರೆ ಒಂದ್ ನಿಮಿಷ ಎಣಿಸ್ತಾರೆ."