ತಕ್ಕಡಿಯ ಪಾಲು

ಆ ಓಣಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವಳು ತಕ್ಕಡಿ. ಎರಡು ಮನೆಗೆ ಬಟ್ಟೆ ಒಣಹಾಕುವ ಹಗ್ಗ ಒಂದೇ ಆಗಿ ಜಗಳ ಬಿದ್ದಾಗ, ಎಳೆಬಿಸಿಲು ಕೂಸಿನ ತಾಯಿಗೆ, ಸುಡುಬಿಸಿಲು ದಪ್ಪ ಹೊದಿಕೆ ಒಗೆಯುವವಳಿಗೆ ಅಂತ ಹಂಚಿ ಇಬ್ಬರ ಬಾಯನ್ನೂ ಮುಚ್ಚಿಸಿದವಳು. ಚಿಕ್ಕಂದಿನಿಂದ ಹಾಗೆಯೇ. ಮನೆಗೆ ಬ್ರೆಡ್ಡು ಬಂದರೆ ಗರಿಗರಿ ಅಂಚು ತಮ್ಮನಿಗೆ, ಮೆತ್ತನೆಯ ಒಳಗು ತಂಗಿಗೆ, ಉಳಿದದ್ದು ತನಗೆ. ತನಗೇನು ಇಷ್ಟ ಅಂತ ಅವಳು ಹೇಳಿದ್ದಿಲ್ಲ, ಕೇಳಿದವರೂ ಇಲ್ಲ. ಪಾಲು ಮಾಡಿದವರು ಕೊನೆಗೆ ಎತ್ತಬೇಕು, ಕಿರಿಯರು ಮೊದಲು ಎತ್ತಬೇಕು. ಇದು ಅವಳೇ ಹಾಕಿದ ಕಟ್ಟಳೆ.

ಅಮ್ಮ ತೀರಿಹೋದಳು. ತಕ್ಕಡಿ ಒಬ್ಬಳಿಗೆ ಬಾಡಿಗೆ ಕೋಣೆ ದೊಡ್ಡದಾಯಿತು, ಬಿಟ್ಟು ಚಿಕ್ಕದಕ್ಕೆ ಹೋಗಬೇಕು. ಸಾಮಾನು ಮೂರು ಪಾಲಾಗಬೇಕು. ತಮ್ಮ ಬಂದವನೇ, ನೀನೇ ಮಾಡಕ್ಕ, ನಿನ್ನ ಪಾಲಿಗೆ ಯಾರು ಎದುರಾಡ್ತಾರೆ ಅಂತ ಚಹಾ ಕುಡಿಯಲು ಹೋದ. ತಂಗಿ ಇನ್ನೂ ಬಂದಿರಲಿಲ್ಲ.

ತಕ್ಕಡಿಗೆ ಬೇಕಾದದ್ದು ಒಂದೇ, ಅಮ್ಮನ ಹೊಲಿಗೆ ಮಿಷನ್ನು. ಅಂಗಿ ಅಂಗಡಿಯಲ್ಲಿ ಗುಂಡಿ ಹಾಕುವ ಕೆಲಸ ಕೈತಪ್ಪಿ ಬಹಳ ದಿನವಾಗಿತ್ತು. ಕಾಡಿ ಬೇಡಿ ಕಾಲರ್ ಹೊಲಿಯುವ ಕೆಲಸ ಮನೆಗೆ ತಂದುಕೊಂಡಿದ್ದಳು. ಕೆಲಸ ಹೋದದ್ದನ್ನು ಒಡಹುಟ್ಟಿದವರಿಗೆ ಹೇಳಲು ನಾಚಿಕೆ. ಮಿಷನ್ನು ಸುಮ್ಮನೆ ಧೂಳು ತಿನ್ನುತ್ತಿದೆ ಅಂತಲೇ ಅವರು ತಿಳಿದಿದ್ದರು. ಮಂಚದ ಕೆಳಗೆ ಕತ್ತರಿಸಿದ ಕಾಲರುಗಳ ಗಂಟು ಕೂತಿತ್ತು. ತಡವಾದರೆ ಬೇರೆಯವಳಿಗೆ ಕೊಡ್ತೀನಿ ಅಂತ ಅಂಗಡಿಯವನು ಆಗಲೇ ಗದರಿದ್ದ.

ಬೇಕು ಅಂದುಬಿಟ್ಟರೆ ಆಗುತ್ತಿತ್ತು. ನಾಲಿಗೆ ಏಳಲಿಲ್ಲ. ಬದಲಿಗೆ ಅವಳ ಕೈ ಮಿಷನ್ನಿನ ಗಾಲಿಗೆ ಹೋಯಿತು. ಅದನ್ನು ತಿರುಗಿಸುವ ತೊಗಲಿನ ಬೆಲ್ಟು ಬಿಚ್ಚಿ ಸುರುಳಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಿಷನ್ನು ಹೆಣದ ಹಾಗೆ ನಿಂತಿತು. ಅದರ ಜೊತೆಗೆ ಕಾಲು ಮುರಿದ ಕುರ್ಚಿ ಇಟ್ಟಳು, ಮೇಲೆ ಅಪ್ಪನ ಹುಳ ತಿಂದ ಕೋಟು ಹೊದಿಸಿದಳು. ಇನ್ನೊಂದು ಗುಂಪಿಗೆ ಬೀರು, ಗೋಡೆ ಗಡಿಯಾರ. ಮತ್ತೊಂದಕ್ಕೆ ಮಂಚ, ಪಾತ್ರೆಗಳು. ಯಾರು ತಾನೇ ಆ ದರಿದ್ರ ಗುಂಪನ್ನು ಮುಟ್ಟುತ್ತಾರೆ?

ತಂಗಿ ಬಂದಳು. ಬೀರುವಿನ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಹೋಗಿ ಕೋಟಿನ ತೋಳಿನೊಳಗೆ ಮುಖ ಇಟ್ಟಳು. ಚಳಿಯಲ್ಲಿ ಅಪ್ಪ ಕೆಲಸದಿಂದ ಬಂದಾಗ ಅವಳು ಆ ಕೋಟಿನೊಳಗೇ ನುಸುಳಿ ನಿದ್ದೆ ಹೋಗುತ್ತಿದ್ದಳು. ಬ್ರೆಡ್ಡಿನಲ್ಲಿ ಯಾರಿಗೆ ಯಾವ ತುಂಡು ಅಂತ ನೆನಪಿಟ್ಟ ತಕ್ಕಡಿ ಇದನ್ನು ಹೇಗೆ ಮರೆತಳೋ.

"ನಂಗಿದೇ ಇರ್ಲಿ ಅಕ್ಕಾ."

ತಕ್ಕಡಿ ಬೀರುವಿನ ಬಾಗಿಲು ತಟ್ಟಿದಳು. "ಬೀರು ಗಟ್ಟಿಯಾಗಿದೆ, ನೋಡು," ಅಂದಳು.

"ಬೀರು ನನ್ನನ್ನ ಎತ್ಕೊಂಡಿತ್ತಾ?"

ಚಹಾ ಮುಗಿಸಿ ಬಂದ ತಮ್ಮ ನಕ್ಕು, ನಿನ್ನ ಗಂಡ ಈ ಕೋಟು ನೋಡಿದ್ರೆ ಮನೆ ಬಿಟ್ಟು ಓಡ್ತಾನೆ ಅಂತ ಕಾಲೆಳೆದು ಬೀರುವಿನ ಗುಂಪು ಹಿಡಿದ. ಮಂಚ, ಪಾತ್ರೆ ತಕ್ಕಡಿಗೆ ಉಳಿದವು. ತಳ್ಳುಗಾಡಿಗೆ ಮಿಷನ್ನು ಏರಿತು. ತನ್ನದು ಇಲಿಬಿಲದಂಥ ಕೋಣೆ, ಈ ಕಬ್ಬಿಣ ಎಲ್ಲಿಡಲಿ, ಹೇಗೂ ಓಡೋದಿಲ್ಲವಲ್ಲ ಅಂತ ತಂಗಿ ಗಾಡಿಯವನಿಗೆ ಹೇಳುತ್ತಿದ್ದಳು. ಸೊಂಟದಲ್ಲಿ ಬೆಲ್ಟು ಕೆಂಡವಾಯಿತು. ಈಗ ಹೇಳಿದರೆ ಕಳ್ಳತನ ಬಯಲು. ಇಷ್ಟು ಕಾಲದ ಪಾಲುಗಳಲ್ಲೂ ಹೀಗೇ ಮಾಡಿದ್ದಳೇನೋ ಅಂತ ಓಣಿಯೇ ಆಡಿಕೊಳ್ಳುತ್ತದೆ. ಬಾಯಿ ತೆರೆದಳು. "ಕುರ್ಚಿ ಬಿದ್ದೀತು, ಹಗ್ಗ ಬಿಗಿ ಮಾಡಪ್ಪ," ಅಂತ ಮಾತ್ರ ಹೊರಬಿತ್ತು.

ಗಾಡಿ ಮೂಲೆ ತಿರುಗಿತು. ಒಳಗೆ ಬಂದು ಪಾತ್ರೆಗಳನ್ನೆಲ್ಲ ಮೂಟೆ ಕಟ್ಟಿದ ಮೇಲೆ ಮಿಷನ್ನು ಇದ್ದ ಜಾಗ ನೋಡಿದಳು. ನೆಲದ ಮೇಲೆ ನಾಲ್ಕು ತುಕ್ಕಿನ ಗುರುತು. ಮಂಚದ ಕೆಳಗಿನ ಗಂಟು ಕಣ್ಣಿಗೆ ಬಿತ್ತು. ಹೋಗಲಿ ಮಾನ, ಹೊಟ್ಟೆಗೇನು ಹಾಕಲಿ? ಚಪ್ಪಲಿ ಮೆಟ್ಟದೆ ಓಡಿದಳು.

ಮೂಲೆಯಾಚೆಗೇ ಗುಜರಿ ಅಂಗಡಿ. ತಂಗಿ ಕೋಟು ತೊಟ್ಟು ನಿಂತಿದ್ದಳು. ಒಳಗೆ ಸುತ್ತಿಗೆಯ ಸದ್ದು. ಅಂಗಡಿಯವನು ಮಿಷನ್ನಿನ ತಲೆಯನ್ನು ಎರಡು ಹೋಳು ಮಾಡಿ ರಾಶಿಗೆ ಎಸೆದಿದ್ದ, ಈಗ ಗಾಲಿಗೆ ಹೊಡೆಯುತ್ತಿದ್ದ.

ತಕ್ಕಡಿ ಬೆಲ್ಟನ್ನು ಕೈಯಲ್ಲಿ ಹಿಡಿದು ನಿಂತಳು. ತಂಗಿ ಬೆಲ್ಟು ನೋಡಿದಳು, ಅಕ್ಕನ ಬರಿಗಾಲು ನೋಡಿದಳು.

"ಇದು ನಿನಗೆ ಬೇಕಿತ್ತಾ ಅಕ್ಕಾ?"

ಹುಟ್ಟಿದಂದಿನಿಂದ ಯಾರೂ ಕೇಳದ ಮಾತು. ತಕ್ಕಡಿ ಹೌದೆಂದು ತಲೆಯಾಡಿಸಿದಳು.

"ಒಂದು ಮಾತು ಹೇಳಬಾರದಿತ್ತಾ? ಕೋಟೊಂದನ್ನೇ ಎತ್ಕೊಂಡು ಹೋಗ್ತಿದ್ದೆನಲ್ಲೇ."

ಅಂಗಡಿಯವನು ಸುತ್ತಿಗೆ ನಿಲ್ಲಿಸಿ ಬೆಲ್ಟಿನ ಕಡೆ ನೋಡಿದ. "ತೊಗಲು ನಾವು ತಗೊಳ್ಳಲ್ಲ ಕಣಮ್ಮ," ಅಂದ.

ಅವಳು ಬೆಲ್ಟನ್ನು ಮತ್ತೆ ಸುರುಳಿ ಸುತ್ತಿಕೊಂಡು ಮನೆಗೆ ಬಂದಳು. ಗಂಟು ಬಿಚ್ಚಿ, ಮಂಚದ ಮೇಲೆ ಕೂತು, ಮೊದಲ ಕಾಲರಿಗೆ ಕೈಸೂಜಿ ಹಾಕಿದಳು. ಗಂಟು ಮಂಡಿಯೆತ್ತರ ಇತ್ತು.